ಪದಕ್ಕೂ ಪ್ರಮಾಣ ಬೇಕು: ಕಿಟೆಲ್ ಮತ್ತು ನಮ್ಮ ಸೀಮೆಯ ಮಾತು

ಸಂಜೀ ಮುಂದ ದುರ್ಗದಬೈಲಿನಾಗ ನಿಂತು, ಕಿವಿಗೆ ಇಯರ್‌ಫೋನ್ ಸಿಗಿಸ್ಕೊಂಡು, ಕೈಯಾಗ ಗಿರ್ಮಿಟ್ ಹಿಡಕೊಂಡು ಕೇಳ್ತಿರೋರೂ ಇರಬಹುದು. ಸುತ್ತ ಒಮ್ಮೆ ಕಿವಿಗೊಟ್ಟು ನೋಡ್ರಿ. ವ್ಯಾಪಾರ, ಚೌಕಾಸಿ, ಬೈಗುಳ, ನಗು. ಇಂಥ ಮಾತುಗಳನ್ನೂ ಗೌರವದಿಂದ ಬರೆದಿಟ್ಟ ಒಬ್ಬ ಪಾದ್ರಿಯ ಕಥೆ ಇವತ್ತು.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಒಂದು ಮಿಷನ್ ಶುರುವಾಯಿತು. 1834ರಲ್ಲಿ ಅವರು ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ನಮ್ಮ ಹುಬ್ಬಳ್ಳಿಗೆ. ಇವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ಭಕ್ತಿಪಂಥದಿಂದ ಬಂದವರು. ಆ ಪಂಥದವರ ನಂಬಿಕೆ ಸರಳ: ಭಾನುವಾರದ ಪ್ರಾರ್ಥನೆಯಷ್ಟೇ ಧರ್ಮವಲ್ಲ, ಸೋಮವಾರದ ಕೆಲಸವೂ ದೇವರ ಮುಂದೆ ಲೆಕ್ಕ ಒಪ್ಪಿಸುವಂಥದ್ದು. ಕಳ್ಳ ತಕ್ಕಡಿಯನ್ನು ಬೈಬಲ್ಲೂ ಕಟುವಾಗಿ ಬೈಯುತ್ತದೆ.

1853ರಲ್ಲಿ ಈ ಸೀಮೆಗೆ ಬಂದ ಫರ್ಡಿನೆಂಡ್ ಕಿಟೆಲ್‌ಗೆ ಆಗ 21 ವರ್ಷ. ಕನ್ನಡ ಕಲಿಯೋದು ಅವರಿಗೆ ಬರೀ ಪ್ರಚಾರದ ಉಪಕರಣ ಆಗಲಿಲ್ಲ. ಹಳಗನ್ನಡ ಓದಿದರು, ಊರೂರು ತಿರುಗಿ ಜನರ ಮಾತು ಕೇಳಿದರು. ಈ ಅಧ್ಯಯನದ ಹುಚ್ಚು ಮಿಷನ್ನಿನ ಹಿರಿಯರಿಗೆ ಪೂರ್ತಿ ಹಿಡಿಸಲಿಲ್ಲ. ಆದರೂ ಬಿಡಲಿಲ್ಲ. 1872ರಲ್ಲಿ ಜೈನ ಕವಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಪದ, 1,700ಕ್ಕೂ ಮಿಕ್ಕಿ ಪುಟ.

ಈಗ ನಿಜವಾದ ವಿಷಯಕ್ಕೆ ಬರೋಣ. ಆ ನಿಘಂಟು ತೆಗೆದರೆ ಪದಗಳ ಮುಂದೆ ಸಣ್ಣ ಸಣ್ಣ ಗುರುತುಗಳು ಕಾಣ್ತಾವ. ಇದು ಯಾವ ಗ್ರಂಥದಾಗ ಸಿಕ್ಕಿತು, ಇದು ಮೈಸೂರು ಕಡೆ ಮಾತು, ಇದು 'ದಕ್ಷಿಣ ಮರಾಠಾ ಸೀಮೆ'ಯ ಮಾತು. ಆ ಸೀಮೆ ಅಂದರೆ ಬ್ರಿಟಿಷರ ಬಾಯಲ್ಲಿ ನಮ್ಮ ಧಾರವಾಡ, ಬೆಳಗಾವಿ ಕಡೆ. ಗಾದೆಗಳಿಗೂ ಬೇರೆ ಗುರುತು. ಅಂದರೆ, ನಾನು ಹೇಳ್ತೀನಿ ನಂಬ್ರಿ ಅನ್ನಲಿಲ್ಲ. ಎಲ್ಲಿಂದ ತಂದೆ ಅನ್ನೋದನ್ನ ತೋರಿಸಿದರು.

ನಮ್ಮ ಭಾಷೆಯಲ್ಲಿ ಪ್ರಾಮಾಣಿಕತೆ ಅನ್ನೋ ಪದ 'ಪ್ರಮಾಣ'ದಿಂದ ಬಂದದ್ದು. ಪ್ರಮಾಣ ಅಂದರೆ ಅಳತೆ, ಆಧಾರ, ಆಣೆ. ಅಳತೆ ಸರಿ ಇರಬೇಕು, ಆಧಾರ ತೋರಿಸಬೇಕು, ಆಡಿದ ಮಾತಿಗೆ ನಿಲ್ಲಬೇಕು. ಕಿಟೆಲ್ ಅವರ ನಿಘಂಟು ಮೊದಲ ಎರಡನ್ನು ಪುಟಪುಟದಲ್ಲೂ ಮಾಡಿದೆ. ಮೂರನೆಯದಕ್ಕೆ ಅವರ ಬದುಕೇ ಸಾಕ್ಷಿ: ಬಂದಾಗಿನಿಂದ ನಿಘಂಟು ಅಚ್ಚಾಗುವವರೆಗೆ 41 ವರ್ಷ.

ಹಾಗಂತ ಅವರನ್ನ ದೇವರು ಮಾಡೋದು ಬ್ಯಾಡ. ಕಿಟೆಲ್ ಬಂದದ್ದು ಕ್ರೈಸ್ತ ಧರ್ಮ ಸಾರೋದಕ್ಕ. ಕ್ರಿಸ್ತನ ಚರಿತೆಯನ್ನು 1862ರಲ್ಲಿ 'ಕಥಾಮಾಲೆ' ಅಂತ ಕನ್ನಡ ಪದ್ಯದಲ್ಲಿ ಬರೆದರು. ಇಲ್ಲಿನ ಧರ್ಮಗಳ ಬಗ್ಗೆ ಆ ಕಾಲದ ಮಿಷನರಿಗಳ ಬರಹದಲ್ಲಿ ತೀರ್ಪು ಕೊಡುವ ದನಿ ಇತ್ತು. ಇನ್ನೊಂದು ಮಾತು: ನಿಘಂಟಿನ ಮುಖಪುಟದಲ್ಲಿ ಹೆಸರು ಒಂದೇ. ಪದ ಹೇಳಿಕೊಟ್ಟ ಪಂಡಿತರು, ರೈತರು, ಹೆಣ್ಣುಮಕ್ಕಳ ಹೆಸರು ಅಲ್ಲಿಲ್ಲ. ಪ್ರಾಮಾಣಿಕತೆ ಅಂತ ಮಾತಾಡುವಾಗ ಈ ಬಾಕಿಯನ್ನೂ ಲೆಕ್ಕಕ್ಕೆ ಹಿಡೀಬೇಕು.

ಆದರೆ ಒಂದು ಸತ್ಯ ಉಳೀತದ. ಜೈನರ, ವೀರಶೈವರ, ಬ್ರಾಹ್ಮಣರ ಗ್ರಂಥಗಳ ಪದಗಳಿಗೆ ತಮ್ಮ ಮತಕ್ಕೆ ಬೇಕಾದ ಅರ್ಥ ಹಚ್ಚಿ ಕೂತಿದ್ದರೆ, ಇವತ್ತು ಆ ನಿಘಂಟನ್ನ ಯಾರೂ ಮುಟ್ಟುತ್ತಿರಲಿಲ್ಲ. ತನ್ನದಲ್ಲದ ನಂಬಿಕೆಯ ಮಾತಿಗೂ ಅಳತೆ ಕಡಿಮೆ ಮಾಡದೇ ಇರೋದು, ಅದು ಒಬ್ಬ ಭಕ್ತನ ನಿಜವಾದ ಪರೀಕ್ಷೆ. 1903ರಲ್ಲಿ ಟ್ಯೂಬಿಂಗನ್‌ನಲ್ಲಿ ಕಿಟೆಲ್ ತೀರಿಕೊಂಡರು. ಧಾರವಾಡದ ಕಾಲೇಜೊಂದು ಇವತ್ತಿಗೂ ಅವರ ಹೆಸರು ಹೊತ್ತಿದೆ.

ನಮ್ಮ ಕೈಯಾಗೂ ಈಗ ಒಂದು ತಕ್ಕಡಿ ಐತಿ, ಮೊಬೈಲು. ಬೇರೆ ಜಾತಿ, ಬೇರೆ ಮತದವರ ಬಗ್ಗೆ ಒಂದು ಮೆಸೇಜ್ ಬಂತು ಅನ್ಕೊಳ್ರಿ. ಫಾರ್ವರ್ಡ್ ಒತ್ತೋಕಿಂತ ಮೊದಲ ಒಂದೇ ಪ್ರಶ್ನೆ ಕೇಳ್ಕೊಳ್ರಿ: ಇದಕ್ಕ ಪ್ರಮಾಣ ಏನೈತಿ? ಇಲ್ಲಾಂದ್ರ ಅಲ್ಲೇ ಬಿಡ್ರಿ.

ಮುಂದಿನ ವಾರ ಮತ್ತ ಸಿಗೋಣು. ಶರಣ್ರಿ.