ಬಸಿರಿಗೆ ಮುಂಚಿನ ಸಹಿ

ಹೊತ್ತವಳದೇ ಅಂಡಾಣುವಾದರೆ ಒಂದು ಬಗೆ, ಬೇರೆಯವರ ಭ್ರೂಣವಾದರೆ ಇನ್ನೊಂದು: ಬಾಡಿಗೆ ತಾಯ್ತನವನ್ನು ಹೀಗೆ ವಿಂಗಡಿಸುವುದು ರೂಢಿ. ದಕ್ಷಿಣ ಕ್ಯಾಲಿಫೋರ್ನಿಯಾದ ಚರಿತ್ರೆ ಅಷ್ಟೇ ಮುಖ್ಯವಾದ ಮತ್ತೊಂದು ಗೆರೆಯನ್ನು ತೋರಿಸುತ್ತದೆ: ಒಪ್ಪಂದವಾದದ್ದು ಬಸಿರಿಗೆ ಮೊದಲೋ, ಆಮೇಲೋ? 1993ರಲ್ಲಿ, ಲಾಸ್ ಏಂಜಲೀಸ್ ಪಕ್ಕದ ಆರೆಂಜ್ ಕೌಂಟಿಯಿಂದ ಬಂದ ಜಾನ್ಸನ್–ಕ್ಯಾಲ್ವರ್ಟ್ ಮೊಕದ್ದಮೆಯಲ್ಲಿ, ಅಂಡಾಣು ಕೊಟ್ಟವಳಿಗೂ ಹೆತ್ತವಳಿಗೂ ತಾಯಿ ಎನ್ನಿಸಿಕೊಳ್ಳಲು ಕಾನೂನಿನ ಆಧಾರವಿತ್ತು. ತನ್ನದಾಗಿ ಬೆಳೆಸುವ ಉದ್ದೇಶದಿಂದ ಮಗುವಿನ ಹುಟ್ಟಿಗೆ ಕಾರಣಳಾದವಳೇ ತಾಯಿ ಎಂದಿತು ರಾಜ್ಯದ ಸುಪ್ರೀಂ ಕೋರ್ಟ್.

ಮರುವರ್ಷದ ಮೊಶೆಟ್ಟಾ ಮೊಕದ್ದಮೆಯಲ್ಲಿ ಹೊತ್ತವಳದೇ ಅಂಡಾಣುವಿತ್ತು. ಕರಾರು ನಿಲ್ಲಲಿಲ್ಲ, ಅವಳೇ ತಾಯಿಯಾಗಿ ಉಳಿದಳು. ಹಾಗಾದರೆ ಅಂಡಾಣುವೇ ನಿರ್ಣಾಯಕವಲ್ಲವೇ ಎಂದು ಕೇಳಬಹುದು. ಅದೊಂದೇ ಸಾಲದೆಂಬುದಕ್ಕೆ 2011ರಲ್ಲಿ ಸ್ಯಾನ್ ಡಿಯಾಗೋದ ಫೆಡರಲ್ ಕೋರ್ಟಿನಲ್ಲಿ ತಪ್ಪೊಪ್ಪಿಗೆಯಾದ ಪ್ರಕರಣವೇ ಸಾಕ್ಷಿ. ಮಹಿಳೆಯರನ್ನು ಉಕ್ರೇನಿಗೆ ಕಳಿಸಿ, ಯಾವ ದಂಪತಿಯೂ ಗೊತ್ತಾಗಿರದಾಗಲೇ ಭ್ರೂಣ ಇಡಿಸಲಾಗಿತ್ತು. ಬಸಿರು ನಿಂತ ಮೇಲೆ, ಮೊದಲಿನ ದಂಪತಿ ಹಿಂದೆ ಸರಿದರೆಂಬ ಸುಳ್ಳು ಹೇಳಿ ಲಕ್ಷ ಡಾಲರಿಗೂ ಮೇಲ್ಪಟ್ಟ ಬೆಲೆಗೆ ಮಗುವನ್ನು ಒಪ್ಪಿಸುವುದು. ಕರಾರು ಮೊದಲೇ ಆಗಿತ್ತೆಂದು ನ್ಯಾಯಾಲಯಕ್ಕೆ ಬರೆದುಕೊಡುವುದು. ವೈದ್ಯಕೀಯವಾಗಿ ಎಲ್ಲವೂ ಎರಡನೇ ಬಗೆಯದೇ. ಆದರೂ ಅದು ಶಿಶು ಮಾರಾಟ.

ಹಣ ಕೈಬದಲಾದ ಮೇಲೆ ಎರಡೂ ಮಾರಾಟವೇ ಎನ್ನುವವರ ಆಕ್ಷೇಪ ಹಗುರವಾದದ್ದಲ್ಲ. ಭಾರತದ 2021ರ ಕಾಯ್ದೆ ಆ ದಾರಿಯನ್ನೇ ಹಿಡಿದು ವಾಣಿಜ್ಯ ರೂಪವನ್ನು ನಿಷೇಧಿಸಿತು. ಆದರೆ ಮುಂಚಿನ ಕರಾರಿನಲ್ಲಿ ಹೆಂಗಸು ಬೇಡವೆನ್ನಬಲ್ಲಳು, ಏಳನೇ ತಿಂಗಳಲ್ಲಿ ಆ ಬಿಡುವಿಲ್ಲ. 2013ರಿಂದ ಕ್ಯಾಲಿಫೋರ್ನಿಯಾದಲ್ಲಿ ಎರಡೂ ಕಡೆಗೆ ಪ್ರತ್ಯೇಕ ವಕೀಲರಿರಬೇಕು. ನೋಟರಿಯ ಮುದ್ರೆ ಬಿದ್ದ ಮೇಲೆಯೇ ಮೊದಲ ಇಂಜೆಕ್ಷನ್.