ನಾಲಂದಾದ ದ್ವಾರಪರೀಕ್ಷೆ

ಕ್ರಿ. ಶ. 7ನೆಯ ಶತಮಾನದಲ್ಲಿ ನಾಲಂದಾ ಮಹಾವಿಹಾರದ ಶಾಸ್ತ್ರವಿಚಾರಗಳಲ್ಲಿ ಭಾಗಿಗಳಾಗಲು ಬಂದ ಪರಸ್ಥಳದವರನ್ನು ದ್ವಾರಪಾಲಕನು ಕಠಿನ ಪ್ರಶ್ನೆಗಳಿಂದ ಪರೀಕ್ಷಿಸುತ್ತಿದ್ದನೆಂದೂ, ಹತ್ತು ಮಂದಿಯಲ್ಲಿ ಏಳೆಂಟು ಮಂದಿ ಸೋತು ಹಿಂದಿರುಗುತ್ತಿದ್ದರೆಂದೂ ಚೀನದ ಯಾತ್ರಿಕನಾದ ಹ್ಯುಯೆನ್ ತ್ಸಾಂಗನು ಬರೆದಿರುವನು. ಅಲ್ಲಿ ವಿದ್ಯೆಯೊಂದಕ್ಕೇ ಮನ್ನಣೆಯಿದ್ದಿತು, ಆದುದರಿಂದ ಆ ಕ್ರಮವು ಸರ್ವರಿಗೂ ಸಮವಾಗಿದ್ದಿತು ಎಂದು ಇದರಿಂದ ಊಹಿಸುವುದುಂಟು. ಮೊದಲನೆಯ ಮಾತು ಒಪ್ಪತಕ್ಕುದೇ. ಎರಡನೆಯದು ವಿಚಾರಾರ್ಹವು.

ಬಾಗಿಲಲ್ಲಿ ಉತ್ತರ ಹೇಳುವ ಶಕ್ತಿಯು ಎಲ್ಲಿಂದ ಬರಬೇಕು? 675ರ ಸುಮಾರಿನಿಂದ ಹತ್ತು ವರ್ಷಗಳ ಕಾಲ ನಾಲಂದಾದಲ್ಲಿ ಓದಿದ ಇತ್ಸಿಂಗನು ಆಗಿನ ಪಾಠಕ್ರಮವನ್ನು ವಿವರಿಸಿರುವನು. ಆರನೆಯ ವಯಸ್ಸಿಗೆ ಅಕ್ಷರಾಭ್ಯಾಸ. ಎಂಟಕ್ಕೆ ಪಾಣಿನಿಯ ಸೂತ್ರಗಳು, ಎಂಟು ತಿಂಗಳಲ್ಲಿ ಕಂಠಸ್ಥ (ಪಾಠ ಹೇಳಿ ಬಲ್ಲವರಿಗೆ ಇದರ ಭಾರವು ತಿಳಿದೇ ಇದೆ). ಹತ್ತಕ್ಕೆ ಖಿಲಗಳು, ಮೂರು ವರ್ಷ. ಹದಿನೈದಕ್ಕೆ ವೃತ್ತಿಸೂತ್ರ, ಐದು ವರ್ಷ. ನಾಲಂದಾಕ್ಕೋ ವಲಭಿಗೋ ಹೋಗುವುದು ಆ ಬಳಿಕ. ಎಂದರೆ ಇಪ್ಪತ್ತು ತುಂಬುವವರೆಗೆ ಹುಡುಗನ ದುಡಿಮೆಯು ಮನೆಗೆ ಬೇಡವಾಗಿರಬೇಕು. ದ್ವಾರಪಾಲಕನು ಕೇಳಿದುದು ಶಾಸ್ತ್ರವನ್ನೇ ಆದರೂ, ಅಳೆದುದು ಬುದ್ಧಿಯನ್ನು ಮಾತ್ರವಲ್ಲ, ಹಿಂದಿನ ಹದಿನಾಲ್ಕು ವರ್ಷಗಳ ಅನ್ನವನ್ನೂ ಅಹುದು.

ಆ ಅನ್ನಕ್ಕೆ ವಿಹಾರದ ನೆರವು ಎಷ್ಟಿದ್ದಿತು? ನಾಲಂದಾಕ್ಕೆ ಇನ್ನೂರಕ್ಕೂ ಮಿಕ್ಕ ಗ್ರಾಮಗಳು ದತ್ತಿಯಾಗಿದ್ದವು. ಒಳಗಿನ ಭಿಕ್ಷುಗಳಿಗೆ ಅಶನವಸನಗಳ ಚಿಂತೆಯಿರಲಿಲ್ಲ. ಆದರೆ ವಿಹಾರಗಳಲ್ಲಿ ಓದುವ, ಇನ್ನೂ ದೀಕ್ಷೆಗೊಳ್ಳದ ಮಾಣವರೂ, ಲೌಕಿಕ ವಿದ್ಯೆಯನ್ನೇ ಬಯಸಿ ಬಂದ ಬ್ರಹ್ಮಚಾರಿಗಳೂ ತಮ್ಮ ಸ್ವಂತ ವೆಚ್ಚದಿಂದಲೇ ಜೀವಿಸಬೇಕೆಂದು ಇತ್ಸಿಂಗನು ಸ್ಪಷ್ಟವಾಗಿ ಹೇಳಿರುವನು. ಸಂಘಕ್ಕಾಗಿ ಮೈಮುರಿದು ದುಡಿದವರಿಗೆ ಮಾತ್ರ, ಆ ದುಡಿಮೆಗೆ ತಕ್ಕಂತೆ, ವಿಹಾರದಲ್ಲಿ ಊಟವಿಕ್ಕಬಹುದಾಗಿದ್ದಿತು.