ಗೂಬೆಯ ನಾಣ್ಯ ಮತ್ತು ಅಥೆನ್ಸಿನ ಪರೀಕ್ಷಕ

ಪ್ರಾಚೀನ ಗ್ರೀಕ್ ನಾಣ್ಯಗಳಲ್ಲಿ ಅಥೆನ್ಸಿನ ನಾಲ್ಕು ದ್ರಾಕ್ಮಗಳ ಬೆಳ್ಳಿನಾಣ್ಯವನ್ನು ಗುರುತಿಸುವುದು ಸುಲಭ. ಮುಮ್ಮುಖದಲ್ಲಿ ಶಿರಸ್ತ್ರಾಣಧಾರಿಣಿ ಅಥೀನಾ ದೇವಿ, ಹಿಮ್ಮುಖದಲ್ಲಿ ಗೂಬೆ, ಆಲಿವ್ ಚಿಗುರು, ಪುರನಾಮದ ಮೂರು ಅಕ್ಷರಗಳು. ತೂಕ ಸುಮಾರು 17.2 ಗ್ರಾಂ. ಇಷ್ಟು ಪ್ರಸಿದ್ಧವಾದ ಮುದ್ರೆ ಅನುಕರಣಕ್ಕೂ ಆಸ್ಪದವಿತ್ತಿತು. ಈಜಿಪ್ಟಿನಲ್ಲಿಯೂ ಸಿರಿಯಾ-ಪ್ಯಾಲೆಸ್ಟೈನ್ ಪ್ರದೇಶಗಳಲ್ಲಿಯೂ ಅದೇ ಗೂಬೆಯನ್ನು ಅಚ್ಚೊತ್ತಿದರು.

ಇವೆಲ್ಲವನ್ನೂ ಖೋಟಾ ಎನ್ನಬಹುದೆ? ಅಥೆನ್ಸಿನವರು ಹಾಗೆ ಭಾವಿಸಲಿಲ್ಲವೆಂಬುದು ಅಲ್ಲಿಯ ಅಗೋರಾದಲ್ಲಿ 1970ರಲ್ಲಿ ದೊರೆತ ಶಿಲಾಶಾಸನದಿಂದ ಸ್ಪಷ್ಟವಾಗುತ್ತದೆ. ಕ್ರಿ.ಪೂ. 375-74ರಲ್ಲಿ ನಿಕೋಫೋನನು ಮಂಡಿಸಿದ ಕಾಯಿದೆಯಿದು. ಪೇಟೆಯಲ್ಲಿ ಕುಳಿತ ಸರಕಾರಿ ಪರೀಕ್ಷಕನು, ಒಳಗೆ ತಾಮ್ರಲೋಹವೋ ಸೀಸವೋ ಇದ್ದು ಮೇಲೆ ಬೆಳ್ಳಿಯ ಹೊದಿಕೆಯುಳ್ಳ ನಾಣ್ಯವನ್ನು ಒಡನೆಯೇ ಕತ್ತರಿಸಬೇಕು. ಅದು ದೇವಮಾತೆಗೆ ಅರ್ಪಿತ. ಪರದೇಶದ್ದಾದರೂ ಅದೇ ಮುದ್ರೆಯ ಶುದ್ಧ ಬೆಳ್ಳಿಯಾದರೆ, ತಂದವನಿಗೇ ಹಿಂತಿರುಗಿಸಬೇಕು. ಅವನು ಒಪ್ಪಿದ ನಾಣ್ಯವನ್ನು ನಿರಾಕರಿಸುವ ವರ್ತಕನ ಆ ದಿನದ ಸರಕೆಲ್ಲ ಮುಟ್ಟುಗೋಲು. ಈ ಪರೀಕ್ಷಕನಾದರೋ ರಾಜ್ಯದ ಗುಲಾಮ. ಕರ್ತವ್ಯ ತಪ್ಪಿದರೆ ಐವತ್ತು ಛಡಿಯೇಟು! ವರ್ತಕರ ನಂಬಿಕೆಯ ಭಾರವೆಲ್ಲ ಇಂಥವನ ಕಣ್ಣಿನ ಮೇಲಿತ್ತು.

ಇಂದು ದೊರೆಯುವ ಅನೇಕ ಗೂಬೆ ನಾಣ್ಯಗಳ ಮೇಲೆ ಉಳಿಯೇಟಿನ ಆಳವಾದ ಗಾಯವಿದೆ. ಸಂಗ್ರಾಹಕರು ಅದನ್ನು ಕುಂದೆಂದೆಣಿಸಿ ಬೆಲೆಯಿಳಿಸುವುದುಂಟು. ವಸ್ತುತಃ ಅದು, ಒಳಗಿನ ಬೆಳ್ಳಿಯನ್ನು ಅಂದಿನವರೇ ಇಣುಕಿ ನೋಡಿದ ಗುರುತು.